ಅಂಗೈ ಮೇಲಿನ ಬೆಳಕಿನ ಚುಕ್ಕಿ: ಮೂರು ವರ್ಷ ಕೂತು ಕಂಡುಕೊಂಡದ್ದು

ನಾವು ಲಿಂಗಾಯತರು ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗದ ಮುಂದೆ ಸುಮ್ನೆ ಕೂತು ನೋಡಿದರೆ ‘ನಾನು ಯಾರು’ ಅನ್ನೋದಕ್ಕೆ ದಾರಿ ಸಿಗುತ್ತದೆ ಅಂತ ನಾನು ಅಂದಾಗ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಪೂಜೆ ಮಾಡುವವರು ‘ಪತ್ರಿ ಇಲ್ಲ, ಮಂತ್ರ ಇಲ್ಲ, ಇದೆಂಥಾ ಪೂಜಿ’ ಅಂದರು. ಧ್ಯಾನದ ಗೆಳೆಯರು ‘ಕಣ್ಣು ಹೊರಗೆ ಇಟ್ಟುಕೊಂಡು ಒಳಗೆ ಹೋಗೋದು ಹೇಗೆ’ ಅಂದರು. ನಮ್ಮ ಕಾಕಾ ಅಂತೂ ‘ತಮ್ಮಾ, ಐವತ್ತು ವರ್ಷ ಲಿಂಗಪೂಜಿ ಮಾಡೇನಿ. ನನಗ ಕಾಣದ್ದು ನಿನಗೇನ್ ಕಾಣ್ತದ?’ ಅಂತ ಎದ್ದು ಹೋದರು. ಈಗ ಮೂರು ವರ್ಷದ ಮೇಲೆ ನಾಲ್ಕು ತಿಂಗಳಾಯ್ತು. ಜ್ವರ ಬಂದಾಗಲೂ ಬಿಟ್ಟಿಲ್ಲ. ನಮ್ಮ ಕಡೆ ಇಷ್ಟು ದಿನ ಬಿಡದೆ ಕೂತವರು ನನಗೆ ಗೊತ್ತಿದ್ದಂತೆ ಇನ್ನೊಬ್ಬರಿಲ್ಲ. ಇದು ಕೆಲಸ ಮಾಡಿದೆ ಅಂತ ಧೈರ್ಯವಾಗಿ ಹೇಳಬಲ್ಲೆ, ಅದಕ್ಕೇ ಬರೆಯುತ್ತಿದ್ದೇನೆ.

ವಿಭೂತಿ ಹಚ್ಚುವುದು, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳುವುದು, ದೃಷ್ಟಿ ಇಡುವುದು, ಇದೆಲ್ಲ ಓದುವವರಿಗೆ ಗೊತ್ತಿರುವುದೇ. ಅದನ್ನು ಬಿಟ್ಟು ನಾನು ಎಲ್ಲಿ ಎಡವಿದೆ ಅನ್ನೋದನ್ನೇ ಹೇಳುತ್ತೇನೆ.

ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. 2016ರಲ್ಲಿ ಅಪ್ಪ ತೀರಿಕೊಂಡರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರಲ್ಲ, ಆಗ ಅವರ ಲಿಂಗವನ್ನು ಅವರದೇ ಎಡಗೈಯಲ್ಲಿ ಇಟ್ಟರು. ಬೆರಳು ಮಡಚಲಿಲ್ಲ. ನಾನೇ ಬೆರಳು ಹಿಡಿದು ಮಡಚಿದೆ. ಕೈ ಅಪ್ಪನದೇ. ಲಿಂಗವೂ ಅಪ್ಪನದೇ. ದಿನಾ ಬೆಳಿಗ್ಗೆ ಆ ಲಿಂಗವನ್ನು ನೋಡುತ್ತಿದ್ದವರು ಎಲ್ಲಿ? ಆ ಪ್ರಶ್ನೆ ಗುಂಡಿಯೊಳಗಿಂದ ನನ್ನ ಜೊತೆ ಮನೆಗೆ ಬಂತು. ನಿದ್ದೆ ಹೋಯ್ತು. ಅಲ್ಲಿಂದ ಆರೇಳು ವರ್ಷ ನಾನು ಸುತ್ತದ ಜಾಗ ಇಲ್ಲ.

ಮೊದಲು ಹತ್ತು ದಿನದ ವಿಪಶ್ಯನ ಧ್ಯಾನದ ಶಿಬಿರಕ್ಕೆ ಹೋದೆ. ಬೆಳಗಿನ ನಾಲ್ಕಕ್ಕೆ ಗಂಟೆ, ಇಡೀ ದಿನ ಮೌನ, ಶುಲ್ಕ ಇಲ್ಲ, ಮುಗಿದ ಮೇಲೆ ಮನಸ್ಸಿಗೆ ಬಂದಷ್ಟು ದಾನ. ಕೂರುವುದನ್ನು ಕಲಿತದ್ದು ಅಲ್ಲೇ, ಆ ಋಣ ದೊಡ್ಡದು. ಆದರೆ ಮನೆಗೆ ಬಂದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಮಾರ್ಕೆಟ್ ನೋಡಿದವರಿಗೆ ಗೊತ್ತು, ಊಟಕ್ಕೇ ಪುರುಸೊತ್ತು ಇರುವುದಿಲ್ಲ. ನಲವತ್ತು ದಿನದಲ್ಲಿ ಬಿಟ್ಟುಹೋಯ್ತು.

ಆಮೇಲೆ ಬೆಂಗಳೂರಿನ ಹೊರಗೆ ಒಂದು ಕಡೆ ಐದು ದಿನದ ಶಿಬಿರ. 28 ಸಾವಿರ ಕೊಟ್ಟೆ. ಜೋರು ಸಂಗೀತ, ಕತ್ತಲೆ, ಎಲ್ಲರೂ ಅಳುತ್ತಿದ್ದರು. ನಾನೂ ಅತ್ತೆ. ಮೂರು ದಿನ ಎದೆ ಹಗುರಾಗಿತ್ತು, ನಾಲ್ಕನೇ ದಿನ ಅಂಗಡಿಯಲ್ಲಿ ಹಮಾಲರ ಮೇಲೆ ಕೂಗಾಡಿದೆ. ಆಮೇಲೆ ಫೋನಿನಲ್ಲೇ ಹೇಳಿಕೊಡುವ ಒಬ್ಬರು, ತಿಂಗಳಿಗೆ ಆರು ಸಾವಿರ, ಏಳೆಂಟು ತಿಂಗಳು. ‘ಇನ್ನೇನು ಬಂತು, ಮುಂದಿನ ಹಂತಕ್ಕೆ ಸೇರಿಕೊಳ್ಳಿ’ ಅನ್ನುತ್ತಿದ್ದರು. ಮುಂದಿನ ಹಂತಕ್ಕೆ ಬೇರೆ ದುಡ್ಡು. ಕೂರಲು ದಿಂಬು ಮೂರೂವರೆ ಸಾವಿರ. ತಿರುವಣ್ಣಾಮಲೈಗೆ ಮೂರು ಸಲ ಹೋಗಿಬಂದದ್ದು 24 ಸಾವಿರ ಆಗಿರಬೇಕು. ಎಲ್ಲ ಸೇರಿ ಲಕ್ಷದ ಮೇಲೇ ಹೋಯ್ತು. ನನ್ನ ಹೆಂಡತಿ ಒಂದೇ ಒಂದು ಸಲ ಕೇಳಿದಳು, ‘ರೀ, ಹುಡುಕೋದು ನಿಮ್ಮನ್ನೇ ಅಂತೀರಿ. ಅದಕ್ಕ ಅಷ್ಟ್ ದೂರ ಯಾಕ ಹೋಗಬೇಕು?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ತಿರುವಣ್ಣಾಮಲೈ ದುಡ್ಡು ಮಾತ್ರ ದಂಡ ಅಲ್ಲ. ರಮಣ ಮಹರ್ಷಿಗಳು ಇದ್ದ ಊರು ಅದು. 1896ರಲ್ಲಿ ಮಧುರೆಯ ಮನೆಯಲ್ಲಿ ಹದಿನಾರು ವರ್ಷದ ಹುಡುಗ ಒಬ್ಬ ಸಾವಿನ ಭಯ ಬಂದಾಗ ಹೆಣದಂತೆ ಮಲಗಿ, ಈ ದೇಹ ಸತ್ತರೆ ನಾನು ಸತ್ತೆನಾ ಅಂತ ಒಳಗೇ ನೋಡಿಕೊಂಡ. ಅದೇ ವರ್ಷ ಮನೆ ಬಿಟ್ಟು ಅಲ್ಲಿನ ಅರುಣಾಚಲ ಬೆಟ್ಟಕ್ಕೆ ಬಂದವನು 1950ರಲ್ಲಿ ತೀರಿಕೊಳ್ಳುವವರೆಗೆ ಆ ಬೆಟ್ಟ ಬಿಡಲಿಲ್ಲ. ಅಪ್ಪನ ಬೆರಳು ಮಡಚಿದವನಿಗೆ ರಮಣರ ಈ ಕಥೆ ನೇರ ಎದೆಗೆ ತಾಕಿತು. ಅವರು ವರ್ಷಗಟ್ಟಲೆ ಕೂತಿದ್ದ, ಆಶ್ರಮದ ಹಳೇ ಹಾಲ್‌ನಲ್ಲಿ ಕೂತೆ. ಹದಿನಾಲ್ಕು ಕಿಲೋಮೀಟರ್ ಗಿರಿಪ್ರದಕ್ಷಿಣೆ ಬರಿಗಾಲಲ್ಲಿ ಮಾಡಿದೆ. ಆದರೆ ಅಲ್ಲೊಂದು ತಪ್ಪು ಮಾಡಿದೆ. ‘ನಾನು ಯಾರು, ನಾನು ಯಾರು’ ಅಂತ ಜಪ ಮಾಡಿದೆ. ಬೆರಳೆಣಿಸಿ ನೂರೆಂಟು ಸಲ. ಅದು ಜಪ ಮಾಡುವ ಮಂತ್ರ ಅಲ್ಲ ಅಂತ ರಮಣರೇ ಸ್ಪಷ್ಟವಾಗಿ ಹೇಳಿದ್ದರು. ಓದಿದ್ದೆ, ತಲೆಗೆ ಹೋಗಿರಲಿಲ್ಲ. ಮನಸ್ಸಿಗೆ ನಿಲ್ಲಲು ಒಂದು ಗೂಟ ಬೇಕು, ನನಗೆ ಅದು ಇರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಚೀಲಗಳ ಲೆಕ್ಕ ಶುರು.

ಗೂಟ ಕೊರಳಲ್ಲೇ ಇತ್ತು.

ಮೂರನೇ ಸಲ ವಾಪಸ್ ಬಂದ ಮೇಲೆ ಒಂದು ಬೆಳಿಗ್ಗೆ ಕರೆಂಟ್ ಇರಲಿಲ್ಲ. ಎಣ್ಣೆ ದೀಪ ಹಚ್ಚಿಕೊಂಡು ಕೂತೆ. ದೀಪ ಬಲ ಹೆಗಲ ಹಿಂದೆ ಇತ್ತು. ಲಿಂಗದ ಕರಿ ಹೊದಿಕೆ, ಅಂದರೆ ಕಂತಿಯ ಮೇಲೆ, ಸಾಸಿವೆ ಕಾಳಿನಷ್ಟು, ಒಂದು ಬೆಳಕಿನ ಚುಕ್ಕಿ. ದೀಪ ಅಲುಗಿದರೆ ಅದೂ ಅಲುಗುತ್ತದೆ. ನಲವತ್ತು ವರ್ಷ ಲಿಂಗ ಕಟ್ಟಿಕೊಂಡವನು ಆ ಚುಕ್ಕಿಯನ್ನು ನಿಜವಾಗಿ ನೋಡಿದ್ದು ಅವತ್ತೇ. ಹಿರಿಯರು ಲಿಂಗಕ್ಕೆ ಕರಿ ಹೊದಿಕೆ ಯಾಕೆ ಹಾಕಿದರು ಅಂತ ಅವತ್ತು ಗೊತ್ತಾಯ್ತು. ಹತ್ತು ನಿಮಿಷ ಹೋದದ್ದೇ ತಿಳಿಯಲಿಲ್ಲ.

ಆದರೆ ಅಲ್ಲಿಂದ ಅದು ಕೈಗೆ ಹತ್ತಲು ಒಂದು ವರ್ಷವೇ ಹಿಡಿಯಿತು.

ಮೊದಲ ತೊಂದರೆ ಕೈ. ಏಳನೇ ನಿಮಿಷಕ್ಕೆ ಭುಜ ಸೋಲುತ್ತದೆ, ಚುಕ್ಕಿ ಕುಣಿಯುತ್ತದೆ. ದಿಂಬು, ಪೀಠ ಎಲ್ಲ ನೋಡಿದೆ. ಕೊನೆಗೆ ಟವೆಲ್ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟು, ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ, ಅಂಗೈಯನ್ನು ಎದೆಗಿಂತ ಸ್ವಲ್ಪ ಕೆಳಗೆ ಹಿಡಿದೆ.  ಈಗ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷ ಆರಾಮ. ಅದಕ್ಕಿಂತ ಜಾಸ್ತಿ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಎರಡನೆಯದು ಕಣ್ಣು. ಇದು ನಮ್ಮ ಊರಿನ ಕಷ್ಟ. ಮಾರ್ಕೆಟ್‌ನಲ್ಲಿ ಟೆಂಡರ್ (ಹರಾಜು) ನಡೆದ ದಿನ ಮೆಣಸಿನಕಾಯಿ ಘಾಟು ಕಣ್ಣಲ್ಲೇ ಉಳಿಯುತ್ತದೆ. ಮರುದಿನ ಬೆಳಿಗ್ಗೆ ದೃಷ್ಟಿ ಇಟ್ಟರೆ ಧಾರಾಕಾರ ನೀರು. ರೆಪ್ಪೆ ಬಡಿಯಬಾರದು ಅಂತ ಹಟ ಹಿಡಿದು ಎರಡು ತಿಂಗಳು ಕಣ್ಣು ಕೆಂಪು ಮಾಡಿಕೊಂಡೆ. ಕಣ್ಣಿನ ಡಾಕ್ಟರು ಕಣ್ಣು ಒಣಗಿದೆ ಅಂತ ಹನಿ ಔಷಧಿ ಕೊಟ್ಟು, ರೆಪ್ಪೆ ಬಡಿಯಿರಿ ಮಾರಾಯರೇ ಅಂದರು. ಬಡಿದೆ. ಏನೂ ನಷ್ಟ ಆಗಲಿಲ್ಲ. ರೆಪ್ಪೆ ಬಡಿದರೂ ನೋಡುವವನು ಅಲ್ಲೇ ಇರುತ್ತಾನೆ, ಅಲ್ವಾ? ಹಟ ಹಿಡಿದವರೆಲ್ಲ ಇದನ್ನು ಗಮನಿಸಬೇಕು.

ಮೂರನೆಯದು ದೊಡ್ಡ ಮೋಸ, ಬಣ್ಣ. ಆರನೇ ತಿಂಗಳ ಹೊತ್ತಿಗೆ ಚುಕ್ಕಿಯ ಸುತ್ತ ನೀಲಿ ಬಳೆ, ಬಂಗಾರದ ಅಂಚು ಕಾಣತೊಡಗಿತು. ಕೆಲವು ದಿನ ಲಿಂಗವೇ ಮಾಯವಾಗಿ ಬರೀ ಬೆಳಕು. ನನಗೆ ಬಂತು, ಆಯ್ತು ಅಂದುಕೊಂಡೆ. ಡೈರಿಯಲ್ಲಿ ಬಣ್ಣ ಬರೆದಿಟ್ಟೆ. ನಾಲ್ಕು ತಿಂಗಳು ಇದರಲ್ಲೇ ಹೋಯ್ತು. ನೀಲಿ ಕಾಣದ ದಿನ ಬೇಜಾರು, ಕಂಡ ದಿನ ಹಿಗ್ಗು. ಒಂದೇ ಕಡೆ ದಿಟ್ಟಿಸಿದರೆ ಯಾರ ಕಣ್ಣಿಗಾದರೂ ಹೀಗೆ ಬಣ್ಣ ಕಾಣುತ್ತದೆ, ಅದು ಕಣ್ಣಿನ ಗುಣ. ಗೋಡೆಯ ಮೇಲಿನ ಕರಿ ಬೊಟ್ಟು ನೋಡಿ ಪರೀಕ್ಷೆ ಮಾಡಿದೆ, ಅಲ್ಲೂ ಅಂಚು ಹೊಳೆಯಿತು.

ಆಗ ನಮ್ಮ ತಾಲ್ಲೂಕಿನ ಒಂದು ಸಣ್ಣ ಮಠದ ಅಜ್ಜಾರ (ಸ್ವಾಮಿಗಳ) ಹತ್ತಿರ ಹೋದೆ. ಬಣ್ಣದ ಕಥೆ ಪೂರ್ತಿ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ‘ಬಣ್ಣ ಕಾಣ್ತಾವ? ಕಾಣಲಿ. ಯಾರಿಗೆ ಕಾಣ್ತಾವ?’ ಅಂದರು. ಅಷ್ಟೇ. ರಮಣರು ಆತ್ಮವಿಚಾರಣೆಯಲ್ಲಿ ಕೇಳಿಸುವ ‘ಇದು ಯಾರಿಗೆ?’ ಅನ್ನೋ ಪ್ರಶ್ನೆಯೂ ಇದೇ. ಅದನ್ನು ಹುಡುಕಿಕೊಂಡು ರಾತ್ರಿ ರೈಲು ಹಿಡಿದು ತಮಿಳುನಾಡಿಗೆ ಹೋಗಿದ್ದೆ. ನಮ್ಮ ಹೊಲದ ಬದುವಿನಲ್ಲಿ ಕೂತವರು ಅದನ್ನೇ ಕೇಳಿದರು. ಲಿಂಗ ಅರಿವಿನ ಕುರುಹು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಕುರುಹು ಹಿಡಿದು ಅಲ್ಲೇ ನಿಂತವರಿಗೆ ಹನ್ನೆರಡನೇ ಶತಮಾನದಲ್ಲೇ ವಚನಕಾರ ಅಲ್ಲಮ ಬಿಸಿ ಮುಟ್ಟಿಸಿದ್ದಾನೆ. ನಾನು ನಾಲ್ಕು ತಿಂಗಳು ಕುರುಹಿನ ಬಣ್ಣ ಎಣಿಸಿದೆ.

ಅಲ್ಲಿಂದ ಮಾಡಿದ್ದು ಇಷ್ಟು. ಮೊದಲ ಏಳೆಂಟು ನಿಮಿಷ ಬರೀ ಚುಕ್ಕಿ. ಮನಸ್ಸು ತಣಿಯಲಿ ಅಂತ ಅಷ್ಟೇ. ಆಮೇಲೆ ಯೋಚನೆ ಬಂದೇ ಬರುತ್ತದೆ. ದೂಡುವುದಿಲ್ಲ. ‘ಇದು ಯಾರಿಗೆ?’ ಒಂದು ಸಲ, ಒಂದೇ ಸಲ. ಉತ್ತರ ಹುಡುಕಬಾರದು. ‘ನನಗೆ’ ಅಂತ ಒಳಗೆ ಏನೋ ಏಳುತ್ತದಲ್ಲ, ಕಣ್ಣು ಚುಕ್ಕಿಯ ಮೇಲೇ ಇರಲಿ, ಗಮನ ಆ ‘ನನಗೆ’ ಎದ್ದ ಜಾಗಕ್ಕೆ ತಿರುಗಲಿ. ಮೊದಮೊದಲು ಎರಡು ಸೆಕೆಂಡ್ ನಿಲ್ಲುತ್ತದೆ. ಮತ್ತೆ ಲೆಕ್ಕ, ಸಾಲ, ಸಿಟ್ಟು. ಮತ್ತೆ ಚುಕ್ಕಿ. ಕಣ್ಣು ಮುಚ್ಚಿಕೊಂಡು ಕೇಳಿದಾಗ ಕಳೆದುಹೋಗುತ್ತಿದ್ದೆ. ಚುಕ್ಕಿ ಇದ್ದರೆ ವಾಪಸ್ ಬರಲು ಜಾಗ ಇರುತ್ತದೆ. ನನ್ನ ಇಡೀ ವಿಧಾನದ ಗುಟ್ಟು ಇದೇ. ನೋಟ ಹೊರಗೆ ಕಟ್ಟಿಹಾಕಿದೆ, ಹಾಗಾಗಿ ಗಮನ ಒಳಗೆ ತಿರುಗಲು ಬಿಡುವು ಸಿಕ್ಕಿತು. ಗೆಳೆಯರು ಆಗುವುದಿಲ್ಲ ಅಂದದ್ದು ಇದನ್ನೇ.

ಕೊನೆಯ ಐದು ನಿಮಿಷ ಕಣ್ಣು ಮುಚ್ಚುತ್ತೇನೆ. ಆಗ ಏನು ಮಾಡುತ್ತೇನೆ ಅನ್ನೋದನ್ನು ಬರೆಯುವುದಿಲ್ಲ. ಅಜ್ಜಾರು ಕಿವಿಯಲ್ಲಿ ಹೇಳಿದ್ದು, ಬೇಕಾದವರು ಅಂಥವರ ಹತ್ತಿರವೇ ಹೋಗಿ ಕೇಳಬೇಕು.

ದೀಪದ ವಿಷಯ ಹೇಳಲೇಬೇಕು. ಸಣ್ಣ ಎಲ್‌ಇಡಿ ಬಲ್ಬ್ ಇಟ್ಟು ಒಂದು ತಿಂಗಳು ನೋಡಿದೆ. ಚುಕ್ಕಿ ಚೂಪಾಗಿ ಬರುತ್ತದೆ, ಆದರೆ ಸತ್ತ ಹಾಗೆ ಇರುತ್ತದೆ. ಬೇಗ ತೂಕಡಿಕೆ. ದೀಪದ ಚುಕ್ಕಿ ಉಸಿರಾಡುತ್ತದೆ, ಎಚ್ಚರ ಇಡುತ್ತದೆ. ಫ್ಯಾನ್ ಬಂದ್ ಇರಬೇಕು. ತುಪ್ಪಕ್ಕೂ ಎಳ್ಳೆಣ್ಣೆಗೂ ನನಗೆ ವ್ಯತ್ಯಾಸ ಕಾಣಲಿಲ್ಲ, ತುಪ್ಪ ದುಬಾರಿ ಅಷ್ಟೇ. ಕಂತಿ ಮಸುಕಾಗಿದ್ದರೆ ಚುಕ್ಕಿ ಹರಡುತ್ತದೆ. ಹೊಸದಾಗಿ ಕಂತಿ ಕಟ್ಟಿಸಿದೆ, ಮುನ್ನೂರು ರೂಪಾಯಿ ಕೊಟ್ಟ ನೆನಪು. ಈಗ ತಿಂಗಳ ಖರ್ಚು ಎಣ್ಣೆ, ಬತ್ತಿ, ವಿಭೂತಿ ಸೇರಿ ನೂರೈವತ್ತು ದಾಟುವುದಿಲ್ಲ.

ಲಿಂಗವೇ ಬೇಕಾ ಅಂತಲೂ ನೋಡಿದೆ. ಇದಕ್ಕೆ ಕಾಕಾ ತುಂಬಾ ಬೈದರು. ಜಾತ್ರೆಯಲ್ಲಿ ಅರವತ್ತು ರೂಪಾಯಿಗೆ ನುಣುಪಾದ ಕರಿ ಕಲ್ಲು ತಂದು ಹದಿನೈದು ದಿನ ಕೂತೆ. ಅರ್ಧ ಕೆಲಸ ಆಯ್ತು. ತಂಬಿಗೆ ನೀರಿನಲ್ಲಿ ದೀಪದ ಬಿಂಬ ನೋಡಿದೆ, ಅದು ಇನ್ನೂ ಕಮ್ಮಿ. ಕನ್ನಡಿ ಮಾತ್ರ ಯಾರೂ ಇಡಬೇಡಿ. ಮುಖ ಕಂಡ ಕೂಡಲೇ ಹಳೇ ಕಥೆಗಳೆಲ್ಲ ಎದ್ದು ಕೂರುತ್ತವೆ. ಲಿಂಗಕ್ಕೆ ಇರುವ ಹೆಚ್ಚುಗಾರಿಕೆ ಏನು ಅಂದರೆ, ಅದು ಮೈಮೇಲೇ ಇದ್ದದ್ದು. ಹತ್ತು ನಿಮಿಷಕ್ಕೆ ಅಂಗೈಯಷ್ಟೇ ಬೆಚ್ಚಗಾಗುತ್ತದೆ. ಯಾವುದು ಕೈ, ಯಾವುದು ಲಿಂಗ ಅಂತ ಚರ್ಮಕ್ಕೆ ತಿಳಿಯುವುದಿಲ್ಲ. ಆ ಹೊತ್ತಿಗೆ ಕೇಳುವ ‘ಯಾರಿಗೆ?’ ಬೇರೆಯೇ ಆಳಕ್ಕೆ ಇಳಿಯುತ್ತದೆ. ಉಸಿರು ಎಣಿಸಿದ್ದೇನೆ. ಕೂತಾಗ ನಿಮಿಷಕ್ಕೆ ಹದಿನೈದು ಹದಿನಾರು, ಏಳುವ ಹೊತ್ತಿಗೆ ಆರೋ ಏಳೋ.

ಏನು ಸಿಕ್ಕಿತು ಅಂತ ಕೇಳುತ್ತಾರೆ. ಎರಡನೇ ವರ್ಷದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ‘ಯಾರಿಗೆ?’ ಅಂದೆ, ‘ನನಗೆ’ ಅನ್ನೋದು ಏಳಲೇ ಇಲ್ಲ. ಹೊರಗೆ ಹಾಲಿನವನ ಸೈಕಲ್ ಗಂಟೆ, ಒಳಗೆ ಅವ್ವನ ಕೆಮ್ಮು, ಅಂಗೈಯಲ್ಲಿ ಚುಕ್ಕಿ, ಎಲ್ಲ ಇತ್ತು. ಎಲ್ಲವೂ ತಿಳಿಯುತ್ತಿತ್ತು. ಇದು ನನ್ನದು, ಇದು ನನಗೆ ಅಂತ ಹಿಡಿಯುವವನು ಮಾತ್ರ ಇರಲಿಲ್ಲ. ಭಯ ಆಗಲಿಲ್ಲ. ಬಹಳ ಹಳೆಯ, ಗುರುತಿನ ಜಾಗಕ್ಕೆ ಬಂದಂತಿತ್ತು. ಒಂದು ನಿಮಿಷ ಇದ್ದಿರಬಹುದು. ಅಪ್ಪನ ಬೆರಳು ನೆನಪಾಯ್ತು, ನೆನಪಾಗಿಯೂ ಎದೆ ಹಿಂಡಲಿಲ್ಲ. ಅವತ್ತಿನಿಂದ ಅದು ತಿಂಗಳಿಗೆ ಮೂರು ನಾಲ್ಕು ಸಲ ತಾನಾಗಿ ಬರುತ್ತದೆ. ಕರೆದರೆ ಬರುವುದಿಲ್ಲ.

ಕಳೆದ ವರ್ಷ ಒಬ್ಬ ಖರೀದಿದಾರ ಹನ್ನೊಂದು ಲಕ್ಷ ಬಾಕಿ ಇಟ್ಟು ಫೋನ್ ಬಂದ್ ಮಾಡಿದ. ರೈತರಿಗೆ ನಾನು ಕೊಡಲೇಬೇಕು. ಸುದ್ದಿ ಬಂದಾಗ ತೂಕದ ಕಟ್ಟೆಯ ಹತ್ತಿರ ನಿಂತಿದ್ದೆ. ಸಿಟ್ಟು ಹೊಟ್ಟೆಯಿಂದ ಎದ್ದದ್ದು, ಗಂಟಲಿಗೆ ಬಂದದ್ದು, ಕಿವಿ ಬಿಸಿಯಾದದ್ದು ಎಲ್ಲ ಕಂಡಿತು, ಚುಕ್ಕಿ ಕಂಡ ಹಾಗೆ. ಯಾರಿಗೆ ಅಂತ ಕೇಳುವಷ್ಟರಲ್ಲಿ ಇಳಿದಿತ್ತು. ಉಳಿದ ನಲವತ್ತು ಚೀಲ ತೂಕ ಮಾಡಿಸಿ ಮನೆಗೆ ಹೋದೆ. ದುಡ್ಡು ಅರ್ಧ ವಸೂಲಾಗಿದೆ, ಅರ್ಧ ಇನ್ನೂ ಬರಬೇಕು. ರಾತ್ರಿ ನಿದ್ದೆ ಬಂತು. ಹೆಂಡತಿ ಅವ್ವನಿಗೆ ‘ಇವರ ದನಿ ಏರಿದ್ದು ಕೇಳಿ ಎಷ್ಟ್ ದಿನಾತೋ’ ಅಂದಳಂತೆ.

ಮೊನ್ನೆ ಕಾಕಾ ಬೆಳಿಗ್ಗೆ ಐದಕ್ಕೇ ಬಂದು ಬಾಗಿಲು ಬಡಿದರು. ಕರಡಿಗೆ (ಲಿಂಗದ ಡಬ್ಬಿ) ಬಿಚ್ಚಿ ಲಿಂಗ ಅಂಗೈ ಮೇಲಿಟ್ಟುಕೊಂಡು ‘ದೀಪ ಎಲ್ಲಿಡಬೇಕೋ ಇಡು, ನೋಡೋಣಂತ’ ಅಂದರು. ಹೆಗಲ ಹಿಂದೆ ಇಟ್ಟೆ. ಚುಕ್ಕಿ ಕಂಡಿತು ಅವರಿಗೆ. ಆದರೆ ಅವರಿಗೆ ಎಪ್ಪತ್ನಾಲ್ಕು, ಕೈ ನಡುಗುತ್ತದೆ, ಚುಕ್ಕಿ ನಿಲ್ಲುವುದಿಲ್ಲ. ಟವೆಲ್ ಮಡಿಕೆ ಸಾಲುತ್ತಿಲ್ಲ. ಸಣ್ಣ ಚೀಲಕ್ಕೆ ಜೋಳ ತುಂಬಿ ಅದರ ಮೇಲೆ ಕೈ ಊರಿಸಿದ್ದೇವೆ. ನಾಲ್ಕು ದಿನದಿಂದ ಸ್ವಲ್ಪ ಸುಧಾರಿಸಿದೆ.