ಶೂ ಇನ್‌ಸೋಲ್ ಬದಲಿಸುವುದು ಹೇಗೆ?

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದನ್ನು ಹತ್ತುವಾಗ ಸುಮ್ಮನಿದ್ದ ಕಾಲು ಇಳಿಯುವಾಗ ನೋಯತೊಡಗಿದರೆ ಎಲ್ಲರೂ ಶೂಗೇ ಬೈಯುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಇನ್‌ಸೋಲ್‌ನಲ್ಲಿ, ಅಂದರೆ ಶೂ ಒಳಗೆ ಪಾದದಡಿ ಇರುವ ಹಾಸಿನಲ್ಲಿ. ಶೂ ಜೊತೆ ಬರುವುದು ಹೆಚ್ಚಾಗಿ ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ತೆಳು ಫೋಮ್. ಕೆಲವೇ ತಿಂಗಳ ಓಟಕ್ಕೆ ಅದು ಹಿಮ್ಮಡಿಯ ಜಾಗದಲ್ಲಿ ಅಪ್ಪಚ್ಚಿಯಾಗುತ್ತದೆ.

ಮೊದಲು ಹಳೆಯದನ್ನು ಹೊರತೆಗೆದು ಹೆಬ್ಬೆರಳಿನಿಂದ ಒತ್ತಿ. ಒತ್ತಿದ ಕುಳಿ ಮೇಲೇಳದಿದ್ದರೆ ಅದರ ಆಯಸ್ಸು ಮುಗಿದಿದೆ.

ಆಮೇಲೆ ಪಾದ ಒದ್ದೆ ಮಾಡಿಕೊಂಡು ದಿನಪತ್ರಿಕೆಯ ಮೇಲೆ ನಿಲ್ಲಿ. ಅಂಗಾಲು ಪೂರ್ತಿ ಮೂಡಿದರೆ ಚಪ್ಪಟೆ ಪಾದ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಸಣ್ಣ ಗೆರೆಯಷ್ಟೇ ಉಳಿದರೆ ಕಮಾನು (ಅಂಗಾಲಿನ ನಡುವಿನ ಬಾಗು) ಎತ್ತರ. ಇದು ಅಂದಾಜಿಗೆ ಮಾತ್ರ, ಆದರೂ ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಖರೀದಿಗೆ ಸಂಜೆ ಹೋಗಿ, ಆಗ ಪಾದ ತುಸು ಊದಿರುತ್ತದೆ. ಶೂ, ಕಾಲುಚೀಲ ಎರಡೂ ಜೊತೆಗಿರಲಿ. ಮೆತ್ತಗಿದ್ದರೆ ಆಧಾರವೂ ಸಿಗುತ್ತದೆ ಎಂಬುದು ತಪ್ಪು ಎಣಿಕೆ. ಜೆಲ್ ತುಂಬಿದ ಮೆತ್ತನೆ ಇನ್‌ಸೋಲ್ ಅಂಗಡಿಯಲ್ಲಿ ಹಿತವೆನಿಸಿದರೂ ಕಮಾನನ್ನು ಎತ್ತಿಹಿಡಿಯುವುದಿಲ್ಲ. ಚಪ್ಪಟೆ ಪಾದದವರಿಗೆ ನಡುಭಾಗ ಗಟ್ಟಿಯಾಗಿ, ಹಿಮ್ಮಡಿಗೆ ಬಟ್ಟಲಿನಂಥ ತಗ್ಗು ಇರುವುದು ಒಳ್ಳೆಯದು.

ಕತ್ತರಿಸುವಾಗಲೇ ಹೆಚ್ಚು ಇನ್‌ಸೋಲ್ ಹಾಳಾಗುವುದು. ಹಳೆಯದನ್ನು ಹೊಸದರ ಮೇಲಿಟ್ಟು ಹಿಮ್ಮಡಿಗೆ ಹಿಮ್ಮಡಿ ಸರಿಯಾಗಿ ಕೂಡಿಸಿ, ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆಯಿಂದ 2 ಮಿ.ಮೀ. ಹೊರಗೆ, ಬೆರಳಿನ ಕಡೆ ಮಾತ್ರ ಕತ್ತರಿಸಿ. ಹಾಕಿ ನೋಡಿ, ಬೇಕಿದ್ದರೆ ಇನ್ನಷ್ಟು ಸವರಿ. ಹಿಮ್ಮಡಿ ಕಡೆ ಕತ್ತರಿಸಿದರೆ ಕಮಾನು ಜಾಗ ತಪ್ಪುತ್ತದೆ. ಅಳತೆ ದೊಡ್ಡದಾಗಿ ಉಳಿದರೆ ಅಂಚು ಮಡಚಿ ಬೊಬ್ಬೆ ಏಳುತ್ತದೆ.

ಹಳೆಯದರ ಮೇಲೇ ಹೊಸದನ್ನು ಹಾಸಬೇಡಿ. ಹಿಮ್ಮಡಿ ಮೇಲೇರಿ ಶೂನಿಂದ ಜಾರುತ್ತದೆ. ಲೇಸ್ ಬಿಗಿದು ನಿಂತಾಗ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ಮೊದಲ ದಿನ ಒಂದು ಗಂಟೆ ನಡೆಯಿರಿ, ದಿನಕ್ಕೊಂದು ಗಂಟೆ ಹೆಚ್ಚಿಸಿ. ಓಟ ಒಂದು ವಾರದ ನಂತರ. ಮೀನಖಂಡದಲ್ಲಿ ಸ್ವಲ್ಪ ನೋವು ಸಹಜ. ಪಾದ ಜೋಮು ಹಿಡಿದರೆ ತೆಗೆದುಬಿಡಿ.

ಮಲೆನಾಡಿನ ಮಳೆಗಾಲದಲ್ಲಿ ದಿನವೂ ಸಂಜೆ ಇನ್‌ಸೋಲ್ ಹೊರತೆಗೆದು ಫ್ಯಾನಿನ ಗಾಳಿಗೆ ಒಣಗಿಸಿ, ಶೂ ಒಳಗೆ ಪೇಪರ್ ತುರುಕಿ. ಬಚ್ಚಲ ಒಲೆಯ ಮುಂದೆ ಇಟ್ಟರೆ ಫೋಮ್ ಮುದುಡಿ ಕುಗ್ಗುತ್ತದೆ. ಕೊಳೆಯಾದರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ವೈದ್ಯರಿಗೆ ಪಾದ ತೋರಿಸಿಯೇ ಇನ್‌ಸೋಲ್ ಆರಿಸಿಕೊಳ್ಳಬೇಕು. ಅವರಿಗೆ ಬೊಬ್ಬೆ ಎದ್ದದ್ದೂ ಗೊತ್ತಾಗದೆ ಹುಣ್ಣಾಗಿಬಿಡಬಹುದು.