ಮೂರನೇ ವರ್ಷಕ್ಕೆ ಕೈ ಹಿಡಿದ ಟ್ರೈಕೋ ಕಾರ್ಡ್

ಹೆಬ್ಬಾಲೆ ಕಡೆ ನಮ್ಮದು ಮೂರು ಎಕರೆ ಮುಸುಕಿನ ಜೋಳ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಸಿಕ್ಕಿದ ಫಾಲ್ ಸೈನಿಕ ಹುಳು ನಮ್ಮ ಹೊಲಕ್ಕೂ ಬಂದ ಮೇಲೆ ಇಮಾಮೆಕ್ಟಿನ್ ಕೀಟನಾಶಕ ಹೊಡೆದದ್ದೇ ಹೊಡೆದದ್ದು. ಕೂಲಿ ಸೇರಿ ಎಕರೆಗೆ ನಾಲ್ಕು ಸಾವಿರದ ಹತ್ತಿರ. ಹುಳು ಸುಳಿಯೊಳಗೆ ಲದ್ದಿ ಮುಚ್ಚಿಕೊಂಡು ಕೂತಿದ್ದರೆ ಔಷಧಿ ತಲುಪುವುದಾದರೂ ಹೇಗೆ?

ಅದಕ್ಕೇ ಟ್ರೈಕೋ ಕಾರ್ಡ್ ತಂದೆ. ಅಕ್ಕಿ ಪತಂಗದ ಮೊಟ್ಟೆ ಅಂಟಿಸಿದ ರಟ್ಟು ಅದು, ಆ ಮೊಟ್ಟೆಗಳೊಳಗೆ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜ ಬೆಳೆಯುತ್ತಿರುತ್ತದೆ. ಹೊರಬಂದ ಕಣಜ ಹುಳುವಿನ ಮೊಟ್ಟೆಗೆ ಚುಚ್ಚಿ ತನ್ನ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಿಂದ ಹುಳು ಹುಟ್ಟುವುದಿಲ್ಲ. ಕಾರ್ಡ್ ತಂದ ದಿನ ಪಕ್ಕದ ಹೊಲದ ಬಾವ ನಕ್ಕರು. "ನೊಣ ಬಿಟ್ಟು ಹುಳ ಕೊಲ್ತೀಯಾ?"

ಮೊದಲ ವರ್ಷ ಅವರು ನಕ್ಕಿದ್ದೇ ಸರಿಯಾಯಿತು. ಎಲೆ ತೂತಾದ ಮೇಲೆ ಕಾರ್ಡ್ ಕಟ್ಟಿದೆ. ಈ ಕಣಜ ಚುಚ್ಚುವುದು ಮೊಟ್ಟೆಗೆ ಮಾತ್ರ, ಬೆಳೆದ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಸಾಲದ್ದಕ್ಕೆ ಮಳೆ ಅಂತ ಅರ್ಧ ಕಾರ್ಡ್ ಮೂರು ದಿನ ಅಟ್ಟದ ಮೇಲಿಟ್ಟೆ. ತೆಗೆದು ನೋಡಿದರೆ ಕವರಿನೊಳಗೇ ಕಣಜ ಎದ್ದು ಸತ್ತಿದ್ದವು. ಎರಡನೇ ವರ್ಷ ಇರುವೆ. ರಾತ್ರಿ ಬೆಳಗಾಗುವುದರೊಳಗೆ ಕಾರ್ಡ್ ಬರೀ ರಟ್ಟು. ಎರಡು ವರ್ಷಕ್ಕೆ ಐದು ಸಾವಿರ ಹೋಯಿತು.

ಖರ್ಚು ಉಳಿಸೋಣ ಅಂತ ಅಕ್ಕಿ ಪತಂಗವನ್ನು ಮನೆಯಲ್ಲೇ ಸಾಕಲು ಹೋದದ್ದೂ ಉಂಟು. ಜೋಳದ ನುಚ್ಚಿನಲ್ಲಿ ಚೆನ್ನಾಗಿಯೇ ಬೆಳೆದವು. ಆದರೆ ಕಣಜ ಚುಚ್ಚದೆ ಬಿಟ್ಟ ಮೊಟ್ಟೆಗಳು ಮರಿಯಾಗಿ ಉಳಿದ ಮೊಟ್ಟೆಗಳನ್ನೇ ತಿಂದವು. ಪತಂಗ ಅಕ್ಕಿ ಡಬ್ಬಕ್ಕೂ ಹೊಕ್ಕಿತು. ಆಮೇಲೆ ಮನೆಯವಳು ಏನೆಂದಳು ಅಂತ ಬರೆಯುವುದಿಲ್ಲ.

ಮೂರನೇ ವರ್ಷ ಮೊದಲು ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಹಿಡಿಯುವ ಬಲೆ ಕಟ್ಟಿದೆ. ಅದರಲ್ಲಿ ಗಂಡು ಪತಂಗ ಬಿದ್ದ ಮರುದಿನವೇ ಕಾರ್ಡಿಗೆ ಹೇಳಿದೆ. ಪೈರಿಗೆ ಆಗ ಹತ್ತು ಹನ್ನೆರಡು ದಿನ ಇರಬಹುದು. ಎಕರೆಗೆ ಮೂರು ಕಾರ್ಡ್, ಅಂದರೆ ಐವತ್ತು ಸಾವಿರಕ್ಕೆ ಸ್ವಲ್ಪ ಜಾಸ್ತಿ ಮೊಟ್ಟೆ. ಪಟ್ಟಿ ಕತ್ತರಿಸಿ, ಸಂಜೆ ಹೊತ್ತು ಎಲೆಯ ಅಡಿಗೆ ಪಿನ್ ಹೊಡೆದೆ. ವಾರಕ್ಕೊಮ್ಮೆಯಂತೆ ಮೂರು ಸಲ. ಇರುವೆಗೆ ಏನು ಮಾಡಿದೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅಂಗಡಿ ಸಾಮಾನಂತೂ ಅಲ್ಲ.

ಕಣಜ ಚುಚ್ಚಿದ ಮೊಟ್ಟೆ ಕಪ್ಪಾಗುತ್ತದೆ. ಆದರೆ ಹೊಲದಲ್ಲಿ ಕಪ್ಪಾದ ಮೊಟ್ಟೆ ಸಿಕ್ಕರೂ ಕುಣಿಯಬೇಡಿ. ಮರಿ ಒಡೆಯುವ ಮುಂಚೆಯೂ ಮೊಟ್ಟೆ ಕಪ್ಪಾಗುತ್ತದೆ. ನಾನು ಎಲೆ ಸಮೇತ ಬಾಟಲಿಗೆ ಹಾಕಿ ಬಟ್ಟೆ ಕಟ್ಟಿಟ್ಟೆ. ಸುಮಾರು ಮುಕ್ಕಾಲು ಪಾಲಿನಿಂದ ಧೂಳಿನಂಥ ಕಣಜ ಹೊರಬಂತು! ಉಳಿದ ಕಾಲು ಪಾಲು, ರೋಮ ಮುಚ್ಚಿ ಪದರ ಪದರವಾಗಿ ಇಟ್ಟ ಗುಂಪುಗಳ ಅಡಿಯ ಮೊಟ್ಟೆಗಳು. ಟ್ರೈಕೋ ಅಲ್ಲಿಗೆ ಇಳಿಯುವುದು ಕಷ್ಟ. ಮೊಟ್ಟೆಗೇ ಚುಚ್ಚುವ ಇನ್ನೊಂದು ಕಣಜ ಟೆಲಿನೋಮಸ್ ಇಳಿಯುತ್ತದೆ, ಸಿಕ್ಕರೆ ಅದನ್ನೂ ತನ್ನಿ.

ಹಿಂದೆ ಎಕರೆಗೆ ಹದಿನಾಲ್ಕು ಕ್ವಿಂಟಾಲ್ ಆದರೆ ಹೆಚ್ಚು. ಈ ಸಲ ಇಪ್ಪತ್ತು ದಾಟಿತು. ಕಾರ್ಡು, ಬಸ್ಸು, ಬಲೆ ಎಲ್ಲ ಸೇರಿ ಎಕರೆಗೆ ಸಾವಿರದ ಇನ್ನೂರರ ಸುಮಾರು. ಕೆಟ್ಟದ್ದು ಪಡುವಣ ಬದಿಯ ಏಳೆಂಟು ಸಾಲು ಮಾತ್ರ. ಬಾವನ ಪಂಪಿನ ಔಷಧಿ ಗಾಳಿಗೆ ಬಂದು ನನ್ನ ಕಣಜಗಳನ್ನು ಮುಗಿಸಿತು. ಬರುವ ಮುಂಗಾರಿಗೆ ಅವರೂ ಕಾರ್ಡ್ ಕಟ್ಟಲಿ ಅಂತ ನಾನೇನೂ ಹೇಳಿಲ್ಲ. "ಬಾವಾ, ಗಾಳಿ ನಮ್ಮ ಕಡೆ ಬೀಸುವ ದಿನ ಪಂಪ್ ಹೊರಬೇಡಿ" ಅಂದಿದ್ದೇನೆ, ಅಷ್ಟೇ.