ಪ್ಲಗಿನ್ ತೆಗೆದು ಪಠ್ಯ ತಿದ್ದಿದೆ: ಕಣ್ಣು ಕಾಣದವರಿಗೂ ಓದಲು ಬರುವ ಕನ್ನಡ ಜಾಲತಾಣ, ನನ್ನ ಅನುಭವ

ಕನ್ನಡ ಜಾಲತಾಣವನ್ನು ದೃಷ್ಟಿದೋಷವುಳ್ಳವರು ಸಲೀಸಾಗಿ ಓದುವಂತೆ ಮಾಡಬೇಕಾದರೆ ಮೊದಲು ಪಠ್ಯವನ್ನು ಸರಿಪಡಿಸಬೇಕು, ಮೂಲೆಯಲ್ಲಿ ಅಂಟಿಸುವ ಗುಂಡಿಯಿಂದ ಪ್ರಯೋಜನವಿಲ್ಲ ಎಂದು ನಾನು ವಾದಿಸಿದಾಗ ಹುಬ್ಬಳ್ಳಿಯ ನನ್ನ ಸಹೋದ್ಯೋಗಿಗಳಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಈಗ ಗದಗಿನ ಒಂದು ಪತ್ತಿನ ಸಹಕಾರಿ ಸಂಘದ ತಾಣ ವರ್ಷಕ್ಕೂ ಮೇಲ್ಪಟ್ಟು ಅದೇ ರೀತಿಯಲ್ಲಿ ನಡೆಯುತ್ತಿದೆ. ಅಂದು ಒಪ್ಪದವರಲ್ಲಿ ಇಬ್ಬರು ತಮ್ಮ ಗ್ರಾಹಕರ ತಾಣಗಳಿಗೂ ಮಾಡಿಕೊಡಲು ಕೇಳಿದ್ದಾರೆ. ಎಚ್‌ಟಿಎಂಎಲ್ (ಜಾಲಪುಟ ಬರೆಯುವ ಸಂಕೇತಭಾಷೆ), ಎನ್‌ವಿಡಿಎ (ಕಂಪ್ಯೂಟರಿನ ಪರದೆಯನ್ನು ಗಟ್ಟಿಯಾಗಿ ಓದುವ ತಂತ್ರಾಂಶ), ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಿನಲ್ಲಿ ಅದೇ ಕೆಲಸ ಮಾಡುವುದು) ಬಲ್ಲವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಅವುಗಳ ಹೆಚ್ಚಿನ ಪರಿಚಯವನ್ನು ಬಿಟ್ಟುಬಿಡುತ್ತೇನೆ.

ಸಂಘದವರು ಅದಾಗಲೇ ಒಂದು ಓವರ್‌ಲೇ ಪ್ಲಗಿನ್‌ಗೆ (ತಾಣದ ಮೇಲೆ ಗುಂಡಿಯಾಗಿ ಕೂರುವ ಸಿದ್ಧ ತಂತ್ರಾಂಶಕ್ಕೆ) ವರ್ಷಕ್ಕೆ ಸುಮಾರು ನಲವತ್ತು ಸಾವಿರ ರೂಪಾಯಿ ಕಟ್ಟುತ್ತಿದ್ದರು. ಅದರ ಗಾಲಿಕುರ್ಚಿ ಚಿತ್ರದ ಗುಂಡಿಯನ್ನು ಒತ್ತಿದರೆ ಅಕ್ಷರ ದೊಡ್ಡದಾಗುತ್ತಿತ್ತು, ಬಣ್ಣ ಬದಲಾಗುತ್ತಿತ್ತು, ಆದರೆ ಗಟ್ಟಿಯಾಗಿ ಓದುವ ಸೌಲಭ್ಯ ಕನ್ನಡ ಎದುರಾದೊಡನೆ ಮೂಕವಾಗುತ್ತಿತ್ತು. ಫೋನಿನಲ್ಲಿ ಟಾಕ್‌ಬ್ಯಾಕ್ ಇಟ್ಟುಕೊಂಡವರಿಗೆ ಅದು ದಾಟಿಹೋಗಬೇಕಾದ ಇನ್ನೊಂದು ಅಡಚಣೆ ಮಾತ್ರ. ಕೋಡ್‌ನ ಒಂದು ಸಾಲು ಸೇರಿಸಿದರೆ ತಾಣವೆಲ್ಲ ನಿಯಮಬದ್ಧವಾಗುತ್ತದೆ ಎಂದು ಪ್ರಚಾರ ಮಾಡಿದ ಇಂಥ ಒಂದು ಕಂಪನಿ 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ಹತ್ತು ಲಕ್ಷ ಡಾಲರ್ ತೆರಬೇಕಾಯಿತು ಎಂಬುದನ್ನು ಆಡಳಿತ ಮಂಡಳಿಯ ಮುಂದೆ ಹೇಳಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನೂ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪನ್ನೂ ತೋರಿಸಿದೆ. ಯಾವುದಕ್ಕೂ ಹಣ ಬಿಡುಗಡೆಯಾಗಲಿಲ್ಲ. ಕೊನೆಗೆ ಅವರ ಠೇವಣಿ ಬಡ್ಡಿದರದ ಪುಟವನ್ನೇ ಲ್ಯಾಪ್‌ಟಾಪಿನಿಂದ ಗಟ್ಟಿಯಾಗಿ ಓದಿಸಿದೆ. ಪುಟ ಹಳೆಯ ನುಡಿ ಫಾಂಟಿನಲ್ಲಿತ್ತು. ಆ ಸಂಕೇತದಲ್ಲಿ ‘ಕನ್ನಡ’ ಎಂಬ ಪದವೆಂದರೆ ಯಂತ್ರಕ್ಕೆ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಕಣ್ಣಿಗೆ ಕಾಣುವ ಕನ್ನಡ ಬರಿಯ ಫಾಂಟಿನ ವೇಷ. ಅರ್ಧ ನಿಮಿಷ ಕೇಳಿದ ಮೇಲೆ ಅಧ್ಯಕ್ಷರು ನಿಲ್ಲಿಸಲು ಹೇಳಿದರು, ಪ್ಲಗಿನ್‌ನ ಮುಂದಿನ ವರ್ಷದ ಹಣವನ್ನು ನನ್ನ ಕೆಲಸಕ್ಕೆ ತಿರುಗಿಸಿದರು.

ಇಂಥ ಪಠ್ಯವನ್ನು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರವನ್ನು ಯಂತ್ರವೂ ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ಪರಿವರ್ತಿಸುವುದು ಒಂದು ವಾರಾಂತ್ಯದ ಕೆಲಸವೆಂದು ಎಲ್ಲರೂ ಹೇಳುತ್ತಾರೆ. ಉಚಿತವಾಗಿ ಸಿಗುವ ಪರಿವರ್ತಕಗಳಲ್ಲಿ ಮೂರ್ನಾಲ್ಕನ್ನು ಪ್ರಯತ್ನಿಸಿದೆ. ಸರಳ ಪಠ್ಯಕ್ಕೆ ಅವು ಸಾಕು, ಬೈಲಾ ಮತ್ತು ವಾರ್ಷಿಕ ವರದಿಗಳಿಗೆ ಸಾಲವು. ಮುಖ್ಯ ತೊಡಕು ಅರ್ಕಾವೊತ್ತು. ಹಳೆಯ ಸಂಕೇತದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಸ್ಥಾನ ಬದಲಿಸದೆ ಪರಿವರ್ತಿಸಿದರೆ ‘ಅರ್ಜಿ’ ಹೋಗಿ ‘ಅಜಿರ್’, ‘ವಾರ್ಷಿಕ’ ಹೋಗಿ ‘ವಾಷಿರ್ಕ’ ಆಗುತ್ತದೆ. ಇದಾದರೂ ಕಣ್ಣಿಗೆ ಬೀಳುವ ದೋಷ. ಕಣ್ಣಿಗೆ ಬೀಳದ ದೋಷ ಇನ್ನೊಂದಿತ್ತು: ಹಿಂದೆ ಬೆರಳಚ್ಚು ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ಎರಡೂ ನೋಡಲು ಒಂದೇ ಆದ್ದರಿಂದ ಕರಡು ತಿದ್ದುವವರು ಎಷ್ಟು ಸಲ ಓದಿದರೂ ಸಿಗುವುದಿಲ್ಲ. ಧ್ವನಿ ಮಾತ್ರ ‘ಸಂಘ’ ಎಂಬ ಪದದ ನಡುವೆ ‘ಸೊನ್ನೆ’ ಎಂದು ಹೇಳಿಬಿಡುತ್ತದೆ. ಇವನ್ನೆಲ್ಲ ಹಿಡಿಯುವ ಬದಲಿಕೆಯ ಪಟ್ಟಿಯೊಂದನ್ನು ಮಾಡಿಕೊಂಡಿದ್ದೇನೆ. ಬದಲಿಕೆಗಳು ಯಾವ ಕ್ರಮದಲ್ಲಿ ನಡೆಯಬೇಕೆಂಬುದರಲ್ಲಿಯೇ ಗುಟ್ಟಿದೆ. ಆ ಕ್ರಮವನ್ನು ಇಲ್ಲಿ ಬಿಚ್ಚಿಡುವುದಿಲ್ಲ, ನನ್ನ ಹೊಟ್ಟೆಪಾಡು ಸದ್ಯಕ್ಕೆ ಅದರ ಮೇಲೆಯೇ ನಿಂತಿದೆ.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೆ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಟೆಸರಾಕ್ಟ್ ತಂತ್ರಾಂಶ ಬಳಸಿದೆ. ಅಚ್ಚು ಸ್ಪಷ್ಟವಾಗಿದ್ದ ಪುಟಗಳು ಚೆನ್ನಾಗಿಯೇ ಬಂದವು; ನೆರಳಚ್ಚಿನ ನೆರಳಚ್ಚುಗಳಲ್ಲಿ ಒತ್ತಕ್ಷರಗಳೆಲ್ಲ ಕೆಟ್ಟವು. ಅಂಥವನ್ನು ಧಾರವಾಡದ ಒಬ್ಬ ಬೆರಳಚ್ಚುಗಾರರಿಗೆ ಪುಟಕ್ಕೆ ಇಪ್ಪತ್ತು ರೂಪಾಯಿಯಂತೆ ಕೊಟ್ಟು ಹೊಸದಾಗಿ ಮಾಡಿಸಿದ್ದು ತಿದ್ದುವುದಕ್ಕಿಂತ ಅಗ್ಗವಾಯಿತು.

ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಭಾಷೆ ಹೇಳುವ ಲ್ಯಾಂಗ್ ಗುಣದಲ್ಲಿ ನಮೂದಿಸಿದ ಮೇಲೆ ಎನ್‌ವಿಡಿಎಯಲ್ಲಿ ಇ-ಸ್ಪೀಕ್ ಎಂಬ ಓದುವ ತಂತ್ರಾಂಶದ ಕನ್ನಡ ಧ್ವನಿ ತಾನಾಗಿಯೇ ಬಂತು. ಆ ಉತ್ಸಾಹದಲ್ಲಿ ನಡುವೆ ಬರುವ ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಬೇರೆ ಗುರುತು ಹಾಕಿ ನೋಡಿದೆ. ಪ್ರತಿ ಸಾಲಿನಲ್ಲಿಯೂ ಎರಡು ಸಲ ಧ್ವನಿ ಬದಲಾಗಿ, ಕೇಳುವವರು ಬೇಸತ್ತು ಅದನ್ನು ತೆಗೆಸಿದರು. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಲು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಕೂಡ ಹೆಸರುಗಳಿಗೆ, ಪಾರಿಭಾಷಿಕ ಪದಗಳಿಗೆ, ಆಡುಮಾತಿನಲ್ಲಿ ಬೆರೆತ ಪದಗಳಿಗೆ ಈ ಗುರುತನ್ನು ಕೇಳುವುದಿಲ್ಲ.

ತಾಣವನ್ನು ಕೇಳಿ ಅಭಿಪ್ರಾಯ ಹೇಳಿದವರ ಬಗ್ಗೆ ಒಂದು ಮಾತು. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿರುವ ಗದಗಿನಲ್ಲಿ ಕಣ್ಣಿಲ್ಲದ ಓದುಗರು ಕಲ್ಪನೆಯ ಜನರಲ್ಲ. ಅಂಥವರು ನಮ್ಮಲ್ಲಿ ಯಾರು ಬರುತ್ತಾರೆ ಎಂದು ಅಲ್ಲಿ ಯಾರೂ ಕೇಳುವಂತಿಲ್ಲ. ಸಂಗೀತ ಕಲಿಸುವ ಇಬ್ಬರು ಅಂಧರು ಮತ್ತು ಮಧುಮೇಹದಿಂದ ದೃಷ್ಟಿ ಮಂದವಾದ ಒಬ್ಬ ನಿವೃತ್ತ ಶಿಕ್ಷಕರು ನನ್ನ ಪರೀಕ್ಷಕರಾದರು. ಪ್ರತಿ ಬೈಠಕ್ಕಿಗೆ ಐದು ನೂರು ರೂಪಾಯಿ ಕೊಟ್ಟೆ. ಸೇವೆಯೆಂದು ಪುಕ್ಕಟೆಯಾಗಿ ಮಾಡಿಸಿಕೊಂಡರೆ ಜನ ಮುಲಾಜಿಗೆ ಚೆನ್ನಾಗಿದೆ ಎಂದುಬಿಡುತ್ತಾರೆ. ಸಂಗೀತದವರು ಫೋನನ್ನು ನನ್ನ ಕಿವಿಗೆ ನಿಲುಕದ ವೇಗದಲ್ಲಿ ಓದಿಸುತ್ತಾರೆ, ಆದ್ದರಿಂದ ಉದ್ದವಾದ ವಾಕ್ಯ ಅವರಿಗೆ ತೊಂದರೆಯಲ್ಲ. ಒಂದೇ ಪುಟದಲ್ಲಿ ಮೂವತ್ತು ಕಡೆ ಬರುವ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದು ತೊಂದರೆ. ಕೊಂಡಿಗಳಿಗೆಲ್ಲ ಪೂರ್ಣ ಹೆಸರು ಕೊಟ್ಟು, ಶೀರ್ಷಿಕೆಗಳಿಗೆ ಎಚ್‌ಟಿಎಂಎಲ್‌ನ ನಿಜವಾದ ಹೆಡಿಂಗ್ ಗುರುತು ಹಾಕಿದ ದಿನವೇ ಅವರ ದೂರುಗಳಲ್ಲಿ ಅರ್ಧ ಕಡಿಮೆಯಾದವು.

ಮಂದದೃಷ್ಟಿಯವರ ಲೆಕ್ಕ ಬೇರೆ. ಸಂಘದ ಕೇಸರಿ ಬಣ್ಣದ ಅಕ್ಷರ ಬಿಳಿಯ ಮೇಲೆ ಎರಡಕ್ಕೆ ಒಂದರ ಆಸುಪಾಸಿನ ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) ಕೊಡುತ್ತಿತ್ತು. ಬೇಕಾದದ್ದು ಕನಿಷ್ಠ 4.5ಕ್ಕೆ ಒಂದು. ಬಣ್ಣ ಬಿಡಲು ಮಂಡಳಿ ಒಪ್ಪದ ಕಾರಣ ಕೇಸರಿಯನ್ನು ಹಿನ್ನೆಲೆಗೆ ತಂದು ಅಕ್ಷರವನ್ನು ಕಪ್ಪಾಗಿಸಿದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಇಂಗ್ಲಿಷ್ ತಾಣಗಳ ಉಪಾಯ ನಮಗೆ ಒಗ್ಗಲಿಲ್ಲ, ಪದದ ಆಕಾರವೇ ಚೆದುರಿ ಶಿಕ್ಷಕರಿಗೆ ಓದು ಇನ್ನಷ್ಟು ನಿಧಾನವಾಯಿತು. ಸಾಲಿನ ಎತ್ತರವನ್ನು 1.8ಕ್ಕೆ ಏರಿಸಿದ್ದು ಮಾತ್ರ ಫಲಿಸಿತು. ಅದಕ್ಕಿಂತ ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಬೆರಳಿನಿಂದ ಹಿಗ್ಗಿಸುವುದನ್ನು ತಡೆದಿದ್ದ, ಕೋಡ್‌ನಲ್ಲಿನ ವ್ಯೂಪೋರ್ಟ್ ಸಾಲನ್ನು ಕಿತ್ತುಹಾಕಿದೆ, ಅದಕ್ಕೆ ವಿವರಣೆ ಬೇಡ.

ಈ ನಡುವೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗಾಗಿ ದರಪಟ್ಟಿಯ ಪುಟವೊಂದನ್ನು ಮಾಡಿ ನೋಡಿದೆ. ಮೊದಲು ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ದರಗಳ ಹಲಗೆಯ ಫೋಟೋವನ್ನೇ ಏರಿಸುತ್ತಿದ್ದರು. ಅದನ್ನು ನಿಜವಾದ ಟೇಬಲ್ ಮಾಡಿ, ತಲೆಬರಹದ ಕೋಶಗಳಿಗೆ ಸ್ಕೋಪ್ (ಯಾವ ಅಂಕಿಗಳಿಗೆ ಯಾವ ತಲೆಬರಹ ಎಂಬ ಗುರುತು) ಕೊಟ್ಟರೂ ಕೆಲವು ಫೋನುಗಳಲ್ಲಿ ಬರಿಯ ಅಂಕಿಗಳೇ ಕೇಳಿಬಂದವು. ಯಾವುದು ಕನಿಷ್ಠ ದರ, ಯಾವುದು ಗರಿಷ್ಠ ದರ ಎಂದು ತಿಳಿಯುತ್ತಿರಲಿಲ್ಲ. ಕೊನೆಗೆ ಟೇಬಲ್ ಬಿಟ್ಟು ತಳಿಗೊಂದು ಪೂರ್ಣ ವಾಕ್ಯ ಬರೆಸಿದೆ, ‘ರೂ.’ ಎಂಬುದನ್ನು ‘ರೂಪಾಯಿ’ ಎಂದು ಬಿಡಿಸಿದೆ. ಕಣ್ಣಿರುವ ರೈತರೂ ಅದನ್ನೇ ಇಷ್ಟಪಟ್ಟರು ಎಂದು ವ್ಯಾಪಾರಿ ಹೇಳಿದ ಮೇಲೆ ಸಂಘದ ಬಡ್ಡಿದರದ ಪುಟವನ್ನೂ ಹಾಗೆಯೇ ಬದಲಿಸಿದೆ.

ಸಂಘದ ಕೆಲಸಕ್ಕೆ ಒಟ್ಟು ಅರವತ್ತು ಸಾವಿರದ ಹತ್ತಿರ ಆಯಿತು, ಅದರಲ್ಲಿ ಬೆರಳಚ್ಚಿಗೆ ಮತ್ತು ಪರೀಕ್ಷಕರಿಗೆ ಹೋದದ್ದು ಹದಿನೈದು ಸಾವಿರದಷ್ಟು. ಪ್ಲಗಿನ್‌ನ ಒಂದೂವರೆ ವರ್ಷದ ಹಣ ಅದು, ಆದರೆ ಇದನ್ನು ಪ್ರತಿ ವರ್ಷ ಕಟ್ಟಬೇಕಾಗಿಲ್ಲ. ಹೊಸ ನೋಟಿಸುಗಳನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸುವಂತೆ ಕಚೇರಿಯ ಗುಮಾಸ್ತರಿಗೆ ಒಂದು ಮಧ್ಯಾಹ್ನ ಕಲಿಸಿಕೊಟ್ಟೆ. ಹಳೆಯ ಫಾಂಟುಗಳನ್ನು ಅವರ ಕಂಪ್ಯೂಟರಿನಿಂದ ಅವರ ಎದುರಿನಲ್ಲಿಯೇ ಅಳಿಸಿದ ಮೇಲೆ ಎದ್ದುಬಂದೆ.